ಸಮಕ್ಕೆ ಬಾರದ ಲೇಸರ್

ವಾದ ಮಾಡುವುದನ್ನು ಕಲಿತವರಿಗೆ ಜಗತ್ತಿನಲ್ಲಿ ಬಹುತೇಕ ಎಲ್ಲವೂ ಸಲೀಸು. ಅಂಗಡಿಗೆ ಹೋಗಿ ಒಂದು ಜೋಡಿ ಚಪ್ಪಲಿ ಆರಿಸಿಕೊಂಡು ಬರುವುದನ್ನು ಬಿಟ್ಟು. ನಾನು ಕಂದು ಚಪ್ಪಲಿಯನ್ನು ಕೈಗೆತ್ತಿಕೊಂಡ ಕ್ಷಣವೇ ಕರಿ ಚಪ್ಪಲಿಯ ಪರವಾಗಿ ನನ್ನೊಳಗೆ ಇನ್ನೊಬ್ಬಳು ಎದ್ದು ನಿಂತು ‘ಮಾನ್ಯ ಅಧ್ಯಕ್ಷರೇ’ ಎಂದು ಶುರುಮಾಡುತ್ತಾಳೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೆ ಪರವೋ ವಿರೋಧವೋ ಎಂಬುದು ವೇದಿಕೆ ಹತ್ತುವ ಹೊತ್ತಿಗೆ ಚೀಟಿ ಎತ್ತಿದಾಗಲೇ ಗೊತ್ತಾಗುತ್ತಿತ್ತು. ಹಾಗಾಗಿ ಯಾವುದೇ ವಿಷಯದ ಎರಡೂ ಕಡೆಗೆ ಸಮನಾದ ಆವೇಶದಿಂದ ಕೂಗಾಡುವ ವಿದ್ಯೆ ಮೈಗೂಡಿತು. ಆ ವಿದ್ಯೆ ತಂದುಕೊಟ್ಟ ಫಲಕಗಳಲ್ಲಿ ದೊಡ್ಡದೊಂದನ್ನು ಅವ್ವ ಅಡುಗೆಮನೆಯ ಕಿಟಕಿ ಬಡಿದುಕೊಳ್ಳದಂತೆ ಆಸರೆಗೆ ಇಟ್ಟಿದ್ದಾಳೆ. ನನ್ನ ವಾದಗಳಿಂದ ಈ ಮನೆಗೆ ಆದ ಉಪಯೋಗ ಅದೊಂದೇ ಎಂಬುದು ಅವಳ ತೀರ್ಪು. ನಾನು ಮೇಲ್ಮನವಿ ಸಲ್ಲಿಸಿಲ್ಲ.

ಇಂಥವಳ ಕೈಗೆ ಲೇಸರ್ ಬೆಳಕಿನಾಟಕ್ಕೆ ಒಂದು ಸಾಫ್ಟ್‌ವೇರ್ ಆರಿಸುವ ಕೆಲಸ ಬಂದರೆ ಏನಾಗಬೇಕೋ ಅದೇ ಆಯಿತು.

ಲೇಸರ್ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಸಂಗೀತದ ಬೈಠಕ್ ನಡೆಯುತ್ತದೆ. ದೊಡ್ಡ ಕಲಾವಿದರೇನೂ ಬರುವುದಿಲ್ಲ. ಹಾಡುವವಳು ನಮ್ಮ ಸುಮಾ ಕಾಕು, ಅಂದರೆ ನನ್ನ ಕಾಕಾನ ಹೆಂಡತಿ. ತಬಲಾಕ್ಕೆ ಧಾರವಾಡದಿಂದ ಮಹಾಂತೇಶ ಸರ್ ಬರುತ್ತಾರೆ. ಕೇಳುವುದಕ್ಕೆ ಓಣಿಯ ಒಂದಿಷ್ಟು ಮಂದಿ, ಕೊನೆಗೆ ಅವಲಕ್ಕಿ ಮತ್ತು ಚಹಾ. ನಾನು ಸಂಗೀತದ ವಿಷಯದಲ್ಲಿ ಸಂದೇಹವಾದಿ. ಕಣ್ಣು ಮುಚ್ಚಿ ತಲೆ ತೂಗುವ ರಸಿಕರಲ್ಲಿ ಅರ್ಧ ಮಂದಿ ನಿದ್ದೆಯಲ್ಲಿರುತ್ತಾರೆ, ಉಳಿದರ್ಧ ಅವಲಕ್ಕಿಯ ಒಗ್ಗರಣೆಯನ್ನು ಧ್ಯಾನಿಸುತ್ತಿರುತ್ತಾರೆ ಎಂದು ನಾನು ಬಹಿರಂಗವಾಗಿಯೇ ವಾದಿಸಿದ್ದೇನೆ. ಈ ವಾದದಿಂದ ನಾನು ಹೊರಗಿಟ್ಟಿದ್ದ ಮನುಷ್ಯ ಒಬ್ಬನೇ, ಅಜ್ಜ.

ಅಜ್ಜ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಹಾಡಿದವನಲ್ಲ, ಬಾರಿಸಿದವನಲ್ಲ; ಕೇಳಿದವನು. ಮುಂದಿನ ಸಾಲಿನಲ್ಲಿ ಕೂತು ಬಲತೊಡೆಯ ಮೇಲೆ ತಾಳ ಹಾಕುವುದು ಅವನ ಜೀವಮಾನದ ಕಸುಬು. ಅವನ ಧೋತರಗಳೆಲ್ಲ ಬಲತೊಡೆಯ ಜಾಗದಲ್ಲೇ ಮೊದಲು ತೆಳ್ಳಗಾಗುತ್ತಿದ್ದವು ಎಂದು ಅಜ್ಜಿ ಬದುಕಿದ್ದಾಗ ಹೇಳುತ್ತಿದ್ದಳು. ತಾಳ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನ ಪೆಟ್ಟಿಗೆ ಬರುವ ಜಾಗಕ್ಕೆ ಸಮ ಅನ್ನುತ್ತಾರೆ. ಹಾಡುವವರು ಎಲ್ಲೆಲ್ಲೋ ಅಲೆದಾಡಿ ಸರಿಯಾಗಿ ಸಮಕ್ಕೆ ಬಂದು ಇಳಿದಾಗ ಅಜ್ಜನ ಗಂಟಲಿನಿಂದ ‘ವ್ಹಾ’ ಹೊರಡುತ್ತಿತ್ತು. ಅದು ಬಿದ್ದರೆ ಸುಮಾ ಕಾಕುವಿನ ಮುಖ ಅರಳುತ್ತಿತ್ತು.

ಆದರೆ ಎರಡು ವರ್ಷಗಳಿಂದ ಅಜ್ಜನ ಕಿವಿ ಮಂದವಾಗುತ್ತ ಬಂತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟೆವು. ಎದುರು ಕೂತು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಅದರಲ್ಲಿ ಕೇಳುತ್ತದೆ. ಸಂಗೀತ ಮಾತ್ರ ಕಲಸುಮೇಲೋಗರ. “ತಂಬೂರಿ ಶ್ರುತಿ ಹಿಡದ್ರ ಬಾಣಲ್ಯಾಗ ಮಿರ್ಚಿ ಕರದಂಗ ಕೇಳಸ್ತೈತಿ” ಎಂದು ಅಜ್ಜ ಬೈಠಕ್‌ನ ದಿನ ಯಂತ್ರವನ್ನು ತೆಗೆದಿಟ್ಟೇ ಕೂರುತ್ತಿದ್ದ. ಹೀಗೆ ಒಂದು ಸಂಜೆ ಹಾಡಿನ ನಡುವೆ ಕಾಕು ನೀರು ಕುಡಿಯಲು ನಿಂತಳು. ಮಹಾಂತೇಶ ಸರ್ ಸುತ್ತಿಗೆ ತೆಗೆದು ತಬಲಾದ ಪಕ್ಕದ ಮರದ ಗಟ್ಟಾ ಬಡಿದು ಶ್ರುತಿ ಸರಿಮಾಡತೊಡಗಿದರು. ಅಜ್ಜ ಕಣ್ಣು ಮುಚ್ಚಿಕೊಂಡೇ, ಮನೆ ತುಂಬುವಂತೆ, “ವ್ಹಾ!” ಅಂದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಜ್ಜ ಕಣ್ಣು ತೆರೆದು ಸುತ್ತಿಗೆ ನೋಡಿದ, ನೀರಿನ ಲೋಟ ನೋಡಿದ, ತಾಳ ಹಾಕುತ್ತಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡ.

ಮುಂದಿನ ತಿಂಗಳು ಬೈಠಕ್‌ನ ದಿನ ಅವನಿಗೆ ಮೊಣಕಾಲು ನೋವು. ಅದರ ಮುಂದಿನ ತಿಂಗಳೂ ಅದೇ ಮೊಣಕಾಲು, ಅದೇ ಭಾನುವಾರ. ಸೋಮವಾರ ಬೆಳಗ್ಗೆ ಉಣಕಲ್ ಕೆರೆಯ ದಂಡೆಗೆ ವಾಕಿಂಗ್ ಹೋಗಲು ಆ ಮೊಣಕಾಲಿಗೆ ಯಾವ ತಕರಾರೂ ಇರುತ್ತಿರಲಿಲ್ಲ. ಪುರಾವೆ ನನ್ನ ಕೈಯಲ್ಲಿತ್ತು, ಆದರೆ ಮಂಡಿಸುವ ಮನಸ್ಸಾಗಲಿಲ್ಲ. ಕಾಕು ಹಾಡುವಾಗ ಮುಂದಿನ ಸಾಲಿನ ಖಾಲಿ ಜಾಗವನ್ನೇ ನೋಡುತ್ತಿದ್ದಳು. “ನಿಮ್ಮಜ್ಜ ಬರಲಿಲ್ಲಂದ್ರ ನಾ ಯಾರಿಗೆ ಹಾಡ್ಲಿ ಹೇಳು? ಉಳದವರಿಗೆ ನಾ ತಪ್ಪಿದ್ರೂ ಅಷ್ಟ, ಒಪ್ಪಿದ್ರೂ ಅಷ್ಟ. ಇದು ಹಿಂಗ ನಡದ್ರ ಬೈಠಕ್ ನಿಲ್ಲಿಸಿಬಿಡೋಣು” ಎಂದು ಅಡುಗೆಮನೆಯಲ್ಲಿ ಅವ್ವನ ಮುಂದೆ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಕಾಕುವಿನ ಮಗ ವಿನಯಣ್ಣ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ರಜಾದಿನಗಳಲ್ಲಿ ಅವನಿಗೆ ಯಾವುದಾದರೊಂದು ಯಂತ್ರ ಬಿಚ್ಚದಿದ್ದರೆ ಊಟ ಸೇರುವುದಿಲ್ಲ. ಆಗ ಅವನಿಗೆ ಲೇಸರ್‌ನ ಹುಚ್ಚು. ಯಾರೋ ಮದುವೆ ಮಂಟಪದವರು ಬದಿಗೆಸೆದಿದ್ದ ಲೇಸರ್ ಪ್ರೊಜೆಕ್ಟರ್ ಒಂದನ್ನು ತಂದು ರಿಪೇರಿ ಮಾಡಿದ್ದ. “ಅಶ್ವಿ, ಅಜ್ಜಗ ಹಾಡು ಕೇಳಸಂಗಿಲ್ಲ ಅಂದ್ರ ತೋರಿಸಿಬಿಡೋಣು. ದನಿ ಮ್ಯಾಲ ಹೋದ್ರ ಗೆರಿ ಮ್ಯಾಲ, ಸಮ ಬಂದ್ರ ಚಕ್ರ. ಗ್ವಾಡಿ ಮ್ಯಾಗ ಕಣ್ಣೀಲೆ ಸಂಗೀತ!” ಅಂದ. ಅಂಥ ಭಾವುಕ ಪ್ರಸ್ತಾಪಗಳನ್ನು ಕತ್ತರಿಸಿ ಹಾಕುವುದೇ ನನ್ನ ಸ್ವಭಾವ. ಆ ದಿನ ಮಾತ್ರ ಕತ್ತರಿ ಸಿಗಲಿಲ್ಲ. ಅಜ್ಜ ಹೊರಗೆ ಬರಬೇಕಿತ್ತು.

ಲೇಸರ್‌ನ ವಿದ್ಯೆ ಕೇಳಲು ಸರಳ. ಪೆಟ್ಟಿಗೆಯೊಳಗೆ ಎರಡು ಪುಟ್ಟ ಕನ್ನಡಿಗಳಿರುತ್ತವೆ. ಅವು ಗಡಗಡ ಅಲುಗಾಡಿ ಬೆಳಕಿನ ಒಂದೇ ಒಂದು ಚುಕ್ಕೆಯನ್ನು ಗೋಡೆಯ ಮೇಲೆ ಓಡಿಸುತ್ತವೆ. ಓಟ ಎಷ್ಟು ಜೋರೆಂದರೆ ನಮ್ಮ ಕಣ್ಣು ಮೋಸಹೋಗಿ ಅದನ್ನು ಚಕ್ರ, ಹೂವು, ನವಿಲು ಅನ್ನುತ್ತದೆ. ಕನ್ನಡಿಗಳಿಗೆ ಎಲ್ಲಿ ಓಡು, ಎಲ್ಲಿ ನಿಲ್ಲು ಎಂದು ಹೇಳುವುದು ಕಂಪ್ಯೂಟರಿನ ಸಾಫ್ಟ್‌ವೇರ್. ಬೆಳಕು ಯಾರ ಕಣ್ಣಿಗೂ ಬೀಳದಂತೆ ವಿನಯಣ್ಣ ಪ್ರೊಜೆಕ್ಟರನ್ನು ತಿಜೋರಿಯ ತಲೆಯ ಮೇಲೆ ಗಟ್ಟಿಯಾಗಿ ಕೂರಿಸಿ, ಗೋಡೆಯ ಮೇಲ್ಭಾಗಕ್ಕೆ ಮುಖಮಾಡಿ ಬಿಗಿದ. ಪೆಟ್ಟಿಗೆಯ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಉಳಿದದ್ದು ಸಾಫ್ಟ್‌ವೇರ್ ಆರಿಸುವುದಷ್ಟೇ. ಅದನ್ನು ನನಗೆ ವಹಿಸಿದರು.

ಹವ್ಯಾಸಿಗಳಿಗೆಂದೇ ಮಾಡಿದ ಇಂಥ ಸಾಫ್ಟ್‌ವೇರ್‌ಗಳು ಇಷ್ಟಿವೆ ಎಂದು ನನಗೆ ತಿಳಿದಿರಲಿಲ್ಲ. ಒಂದೊಂದಕ್ಕೂ ಭಕ್ತವೃಂದವಿದೆ. ಅಂತರ್ಜಾಲದಲ್ಲಿ ಅವರು ಒಬ್ಬರ ಮೇಲೊಬ್ಬರು ಬೀಳುವ ಪರಿ ನೋಡಿ ನನಗೆ ತವರಿಗೆ ಬಂದ ಹಾಗಾಯಿತು. ಹಲವು ಸಂಜೆ ಓದಿ, ಮೂರನ್ನು ಕಣದಲ್ಲಿ ಉಳಿಸಿಕೊಂಡು, ಗುಣಕ್ಕೆ ತಕ್ಕ ಹೆಸರಿಟ್ಟೆ. ಹಾಡಿನ ಪೆಟ್ಟನ್ನು ತಾನೇ ಹುಡುಕಿ ಚಿತ್ರ ಕುಣಿಸುವುದು ಡಿಜೆ. ಯಾವ ಕ್ಷಣಕ್ಕೆ ಯಾವ ಚಿತ್ರ ಎಂದು ಮೊದಲೇ ಬರೆದಿಟ್ಟರೆ ಚಾಚೂ ತಪ್ಪದೆ ಮಾಡುವುದು ಗುಮಾಸ್ತ. ಮೂರನೆಯದು ತಾನಾಗಿ ಏನನ್ನೂ ಮಾಡದು. ಯಾರಾದರೂ ಎದುರು ಕೂತು ಕೀಲಿ ಒತ್ತಿದರೆ ಆಯಾ ಕೀಲಿಯ ಚಿತ್ರ ತೋರಿಸುತ್ತದೆ, ಬಿಟ್ಟರೆ ನಂದಿಸುತ್ತದೆ. ನೋಡಲೂ ಹಳೆಯ ಟಿಕೇಟು ಕೌಂಟರಿನ ಪರದೆಯ ಹಾಗೆ. ಅದನ್ನು ಮೋಟ ಎಂದು ಕರೆದೆ. ಮನುಷ್ಯನೇ ಒತ್ತುವುದಾದರೆ ಸಾಫ್ಟ್‌ವೇರ್ ಯಾಕೆ ಬೇಕು, ದೀಪದ ಸ್ವಿಚ್ಚು ಸಾಲದೇ ಎಂದು ಕೇಳಿ ಮೊದಲ ಸುತ್ತಿನಲ್ಲೇ ಮನೆಗೆ ಕಳಿಸಿದೆ. ಎದುರುವಾದವೇ ಬರಲಿಲ್ಲ. ನನ್ನ ಒಳಗಿನ ಇನ್ನೊಬ್ಬಳೂ ಅಂದು ರಜೆಯಲ್ಲಿದ್ದಳು.

ಡಿಜೆಯೋ ಗುಮಾಸ್ತನೋ ಎಂದು ಮನೆಯಲ್ಲಿ ವಿಧಿವತ್ತಾಗಿ ಚರ್ಚಾಸ್ಪರ್ಧೆ ಏರ್ಪಟ್ಟಿತು. ವಿನಯಣ್ಣ ಗುಮಾಸ್ತನ ಪರ, ನಾನು ಡಿಜೆಯ ಪರ. ಅವ್ವ ತೀರ್ಪುಗಾರ್ತಿ, ಹೊತ್ತು ಮೀರಿದರೆ ಸ್ಟೀಲ್ ಲೋಟಕ್ಕೆ ಚಮಚೆಯಿಂದ ಬಡಿಯುವ ಅಧಿಕಾರ ಅವಳದು. ನಾನು ಎಷ್ಟು ಸೊಗಸಾಗಿ ಮಾತಾಡಿದೆನೆಂದರೆ ವಿನಯಣ್ಣ ಕೈಯೆತ್ತಿ, “ಆತವಾ, ಡಿಜೆನ ಇರ್ಲಿ” ಅಂದುಬಿಟ್ಟ. ಇಷ್ಟು ಸುಲಭಕ್ಕೆ ಶರಣಾಗುವ ಎದುರಾಳಿಯನ್ನು ಕಂಡರೆ ನನಗೆ ಆಗದು. ಅವನ ಪರವಾಗಿ ನಾನೇ ನಿಂತು ಗುಮಾಸ್ತನನ್ನು ಎತ್ತಿಹಿಡಿದೆ. ಹಾಗೆ ಮಾಡುತ್ತ ಡಿಜೆಯಲ್ಲಿ ನಾನೇ ಕಾಣದ ಲೋಪಗಳನ್ನು ಬಯಲಿಗೆಳೆದೆ. ಅವ್ವ ಚಮಚೆ ಬಡಿದಳು.

“ಇಬ್ಬರೂ ಛಲೋ ಮಾತಾಡಿದ್ರಿ. ಎರಡೂ ಕಡೆ ಮಾತಾಡಿದಾಕಿ ಇನ್ನೂ ಛಲೋ ಮಾತಾಡಿದ್ಲು. ಈಗ ಯಾರರ ಒಬ್ಬರು ಹೋಗಿ ಕುಕ್ಕರ್ ಇಳಸ್ರಿ.”

ಕೊನೆಗೆ ಎರಡನ್ನೂ ಪರೀಕ್ಷಿಸುವುದು ಎಂದಾಯಿತು. ಮೊದಲು ಡಿಜೆ. ಪರದೆಗಳನ್ನೆಲ್ಲ ಎಳೆದು, ಕಾಕು ಹಿಂದೊಮ್ಮೆ ಹಾಡಿದ್ದ ನಿಧಾನಗತಿಯ ಖಯಾಲನ್ನು ಹಚ್ಚಿದೆವು. ಗೋಡೆಯ ಮೇಲೆ ಹಸಿರು ಚುಕ್ಕೆಯೊಂದು ಮೂಡಿ ನಿಂತಿತು. ನಿಂತೇ ಇತ್ತು. ಡಿಜೆಗೆ ಗೊತ್ತಿರುವುದು ಎದೆ ನಡುಗಿಸುವ ಮೆರವಣಿಗೆಯ ಪೆಟ್ಟು. ನಮ್ಮ ವಿಲಂಬಿತದಲ್ಲಿ ಒಂದು ಪೆಟ್ಟು ಬಿದ್ದು ಇನ್ನೊಂದು ಬೀಳುವಷ್ಟರಲ್ಲಿ ಒಬ್ಬ ಮನುಷ್ಯ ಎಲೆಯಡಿಕೆ ಹಾಕಿಕೊಳ್ಳಬಹುದು. ಹಾಡು ಇನ್ನೂ ಶುರುವಾಗಿಲ್ಲ ಎಂದು ಭಾವಿಸಿ ಡಿಜೆ ಸಭ್ಯವಾಗಿ ಕಾಯುತ್ತಿತ್ತು. ಚುಕ್ಕೆ ಒಂದೇ ಕಡೆ ನಿಂತರೆ ಅಪಾಯವೆಂದು ಪ್ರೊಜೆಕ್ಟರ್ ತನ್ನ ರಕ್ಷಣೆಯ ನಿಯಮದಂತೆ ತಾನೇ ಆರಿಹೋಯಿತು. ಕಾಕುವಿನ ಆಲಾಪಕ್ಕೆ ಯಂತ್ರವೊಂದು ನಿದ್ದೆಹೋದದ್ದನ್ನು ನಾನು ಕಣ್ಣಾರೆ ಕಂಡೆ. ನನ್ನ ಹಳೆಯ ವಾದಕ್ಕೆ ಅಷ್ಟರಮಟ್ಟಿಗೆ ಬಲ ಬಂತು. ಅಷ್ಟರಲ್ಲಿ ಅವ್ವ ಅಡುಗೆಮನೆಯಲ್ಲಿ ಶೇಂಗಾ ಚಟ್ನಿಗೆ ಮಿಕ್ಸರ್ ತಿರುಗಿಸಿದಳು. ವಿನಯಣ್ಣ ಲೇಸರನ್ನು ಮತ್ತೆ ಚಾಲೂ ಮಾಡಿದ್ದೇ ತಡ, ಗೋಡೆಯ ತುಂಬ ನವಿಲು ಗರಿ ಬಿಚ್ಚಿ ಕುಣಿಯಿತು. ಮಿಕ್ಸರ್ ನಿಂತಿತು, ನವಿಲೂ ನಿಂತಿತು.

“ಅಶ್ವಿ, ಇದಕ್ಕ ನಮ್ಮವ್ವನಕಿಂತ ನಿಮ್ಮವ್ವನ ಸಂಗೀತ ಸೇರಿದಂಗ ಕಾಣಸ್ತೈತಿ” ಅಂದ ವಿನಯಣ್ಣ.

ನಂತರ ಗುಮಾಸ್ತ. ಅದೇ ಧ್ವನಿಮುದ್ರಿಕೆಗೆ ನಾನು ಸಂಜೆಗಟ್ಟಲೆ ಕೂತು, ಇಲ್ಲಿ ಗೆರೆ, ಇಲ್ಲಿ ಅಲೆ, ಸಮಕ್ಕೊಂದು ಚಕ್ರ ಎಂದು ಒಂದೊಂದನ್ನೇ ಜೋಡಿಸಿದೆ. ಸಂಗೀತ ಗೊತ್ತಿಲ್ಲದವಳು ಸಮ ಹುಡುಕಿದ್ದು ಹೇಗೆ ಎಂದು ಕೇಳಬಹುದು. ಧ್ವನಿಮುದ್ರಿಕೆಯಲ್ಲಿ ಅಜ್ಜನ ಕಿವಿ ನೆಟ್ಟಗಿದ್ದ ಕಾಲದ ‘ವ್ಹಾ’ಗಳಿದ್ದವು, ಅವು ಬಿದ್ದಲ್ಲೆಲ್ಲ ಚಕ್ರ ಇಟ್ಟೆ. ಫಲಿತಾಂಶ ಎಷ್ಟು ಚೆಂದವಾಗಿತ್ತೆಂದರೆ ನನ್ನ ವೈಚಾರಿಕತೆಗೆ ಒಂದು ಕ್ಷಣ ಮುಜುಗರವಾಯಿತು. ಕಾಕುವನ್ನು ಕರೆದು ತೋರಿಸಿ, ಭಾನುವಾರ ಇದನ್ನೇ ಹೀಗೇ ಹಾಡಬೇಕು ಅಂದೆ.

“ಹೀಂಗ ಅಂದ್ರ?”

“ಇಲ್ಲಿ ಹೆಂಗ ಹಾಡೀರಿ ಹಂಗ, ಕಾಕು. ಒಂಚೂರೂ ಆಚೀಚಿ ಆಗಬಾರದು.”

ಕಾಕು ಲ್ಯಾಪ್‌ಟಾಪನ್ನು ನನ್ನ ಕಡೆಗೆ ಸರಿಸಿದಳು. “ಅದು ಅವತ್ತಿಂದು ಅವತ್ತಿಗ ಮುಗೀತವಾ. ಭಾನುವಾರ ಏನ್ ಬರ್ತೈತೋ ನನಗರ ಏನ್ ಗೊತ್ತು? ನೀ ನಿನ್ನೆ ಜಗಳಾಡಿದಂಗ ಇವತ್ತೂ ಅಕ್ಷರಕ್ಕಕ್ಷರ ಜಗಳಾಡು ಅಂದ್ರ ಆಡ್ತಿ ಏನು?”

ಜಗಳದ ಉದಾಹರಣೆ ಕೊಟ್ಟರೆ ನನಗೆ ಕೂಡಲೇ ಅರ್ಥವಾಗುತ್ತದೆ. ಗುಮಾಸ್ತನೂ ಹೋದ.

ಹೀಗೆ ಭಾನುವಾರ ಬಂತು, ಸಾಫ್ಟ್‌ವೇರ್ ಬರಲಿಲ್ಲ. ಅಜ್ಜನ ಮೊಣಕಾಲು ಮಧ್ಯಾಹ್ನದಿಂದಲೇ ನೋಯಲು ಶುರುವಾಗಿ ಅವನು ಪೇಪರು ಹಿಡಿದು ಕೋಣೆ ಸೇರಿದ್ದ. ಮಹಾಂತೇಶ ಸರ್ ಬೇಗ ಬಂದು ತಬಲಾ ಬಿಚ್ಚುತ್ತಿದ್ದರು. ಕಾಕು ತಂಬೂರಿ ಪಕ್ಕಕ್ಕಿಟ್ಟು, “ಇವತ್ತಿಂದ ಒಂದು ಆಗಲಿ. ಮುಂದಿನ ತಿಂಗಳ ನನಗ ಆಗಂಗಿಲ್ಲ” ಎಂದು ಯಾರ ಮುಖವನ್ನೂ ನೋಡದೆ ಹೇಳಿದಳು. ನಾನು ಮತ್ತು ವಿನಯಣ್ಣ ಅದಕ್ಕೆ ಕಾರಣ ನೀನು, ನೀನು ಎಂದು ಶುರುಮಾಡಿದೆವು. ಅವನು ಡಿಜೆಗೆ ಇನ್ನೊಂದು ಅವಕಾಶ ಕೊಡೋಣ ಅಂದ, ನಾನು ಕೊಡಬಾರದು ಅಂದೆ. ಅವನು ಸರಿ ಕೊಡಬಾರದು ಅಂದ, ನಾನು ಯಾಕೆ ಕೊಡಬಾರದು ಅಂದೆ. ದನಿ ಏರಿತು. ಕೋಣೆಯ ಬಾಗಿಲು ತೆರೆಯಿತು.

“ಏನ್ರಿ ವಕೀಲರ,” ಅಂದ ಅಜ್ಜ. ನನ್ನ ಮೇಲೆ ಸಿಟ್ಟು ಬಂದಾಗ ಅವನು ನನಗೆ ಹೀಗೆ ಬಹುವಚನ ಕೊಡುತ್ತಾನೆ. “ಕಿವಿ ಕೇಳಸಲಾರದಾವ್ನೂ ಎದ್ದು ಬರೋ ಹಂಗ ಏನ್ ವಾದ ನಡಸೀರಿ?”

ನಾನು ಅವನ ಕಿವಿಯ ಹತ್ತಿರ ಹೋಗಿ ಇಡೀ ಪ್ರಕರಣವನ್ನು ವಿವರಿಸಿದೆ. ಅವನಿಗಾಗಿ ಎಂದು ಮಾತ್ರ ಹೇಳಲಿಲ್ಲ. ಬೈಠಕ್‌ಗೊಂದು ಹೊಸ ಅಲಂಕಾರ ಅಂದೆ. ತಾಳದ ಪೆಟ್ಟು ಹುಡುಕುವ ಸಾಫ್ಟ್‌ವೇರ್‌ಗೆ ನಮ್ಮ ತಾಳ ಸಿಗುತ್ತಿಲ್ಲ ಅಂದೆ.

“ಸಿಗಾಕ ಅದೇನ್ ಕಳದೈತೇನು?” ಅಂದ ಅಜ್ಜ. “ಅಗಾ, ಮಹಾಂತೇಶನ ಕೈಯಾಗ ಐತಿ. ಎಡಗೈ ಎದ್ದದ್ದು ನೋಡಿದ್ರ ಸಮ ಎಷ್ಟು ದೂರ ಐತಿ ಅಂತ ಯಾರಿಗರ ತಿಳೀತೈತಿ.”

ಯಾರಿಗಾದರೂ ತಿಳಿಯುತ್ತದೆ ಎನ್ನುವುದಕ್ಕೆ ನನ್ನ ಆಕ್ಷೇಪವಿತ್ತು. ನಾನು ಬಾಯಿ ತೆರೆಯುವ ಮೊದಲೇ ವಿನಯಣ್ಣ ಲ್ಯಾಪ್‌ಟಾಪ್ ಎಳೆದುಕೊಂಡು ಏನೋ ಒತ್ತತೊಡಗಿದ. ಪರದೆಯ ಮೇಲೆ ಹಳೆಯ ಟಿಕೇಟು ಕೌಂಟರ್ ಎದ್ದು ನಿಂತಿತು: ಮೋಟ.

“ವಿನಯಣ್ಣಾ, ಅದನ್ನ ನಾವು ಕೈಬಿಟ್ಟೇವಿ!”

“ನೀ ಕೈಬಿಟ್ಟಿ. ನಾ ಅವತ್ತು ಮಾತಾಡಿಲ್ಲ” ಎನ್ನುತ್ತ ಅವನು ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ಅಜ್ಜನನ್ನು ತಬಲಾದ ಎದುರಿಗೆ ಕೂರಿಸಿದ. “ಅಜ್ಜಾ, ಈ ಉದ್ದನ್ನ ಕೀಲಿ ಒತ್ತಿದ್ರ ಚಕ್ರ. ಇದು ಗೆರಿ, ಇದು ಅಲಿ. ಸಮ ಬಂದಾಗ ಚಕ್ರ ಒತ್ತಿಬಿಡು. ಉಳದದ್ದು ನಿನ್ನ ಮನಸಿಗೆ ಬಂದಂಗ.”

“ನನಗ ಮೊಣಕಾಲು...” ಎಂದು ಅಜ್ಜ ಶುರುಮಾಡಿದ.

“ಕೈಯಿಂದ ಒತ್ತೋದ್ರೀ ಅಜ್ಜಾರ” ಅಂದರು ಮಹಾಂತೇಶ ಸರ್, ತಬಲಾದಿಂದ ತಲೆಯೆತ್ತದೆ.

ಜನ ಬಂದು ಕೂತರು. ಪರದೆ ಎಳೆದೆವು. ಮೊದಲ ಸುತ್ತಿನಲ್ಲಿ ಅಜ್ಜ ಯಾವುದೋ ಕೀಲಿ ಒತ್ತಿ ಲ್ಯಾಪ್‌ಟಾಪಿನ ಬೇರೇನನ್ನೋ ತೆರೆದ. ವಿನಯಣ್ಣ ಓಡಿ ಬಂದು ಮುಚ್ಚಿದ. ಎರಡನೆಯ ಸುತ್ತಿನಲ್ಲಿ ಚಕ್ರ ಒಂದು ಕೂದಲೆಳೆ ತಡವಾಗಿ ಮೂಡಿತು. ಅಜ್ಜ ಮುಖ ಸಿಂಡರಿಸಿ, ಧೋತರ ಸರಿಮಾಡಿಕೊಂಡು, ಮಹಾಂತೇಶ ಸರ್ ಅವರ ಕೈಯನ್ನೇ ನೆಟ್ಟ ಕಣ್ಣಿಂದ ನೋಡತೊಡಗಿದ. ಮೂರನೆಯ ಸುತ್ತು ಬಂತು. ಕಾಕು ಎಲ್ಲೋ ಮೇಲೆ ಹೋಗಿ, ತಿರುಗಿ, ಇಳಿಯತೊಡಗಿದಳು. ಗೋಡೆಯ ಮೇಲೆ ಗೆರೆಯೊಂದು ನಡುಗುತ್ತಿತ್ತು. ತಬಲಾ ಬಿತ್ತು, ಕಾಕು ಬಂದಳು, ಚಕ್ರ ಮೂಡಿತು. ಮೂರೂ ಒಂದೇ ಉಸಿರಿನಲ್ಲಿ. ಕಾಕು ಹಾಡುತ್ತಲೇ ತಿರುಗಿ ಗೋಡೆ ನೋಡಿದಳು, ಆಮೇಲೆ ಅಜ್ಜನನ್ನು. ಅಲ್ಲಿಂದ ಮುಂದೆ ಅವಳು ಹಾಡಿದ ರೀತಿಯೇ ಬೇರೆಯಾಯಿತು. ಅದನ್ನು ವಿವರಿಸುವ ಅರ್ಹತೆ ನನಗಿಲ್ಲ, ಆದರೆ ಹಿಂದಿನ ಸಾಲಿನ ಮಲಗುವ ರಸಿಕರೆಲ್ಲ ಎಚ್ಚರವಾಗಿದ್ದರು ಎಂಬುದಕ್ಕೆ ನಾನೇ ಸಾಕ್ಷಿ. ಹಾಡು ವೇಗವೇರಿ ದ್ರುತಕ್ಕೆ ಬಂದಾಗ ಮಹಾಂತೇಶ ಸರ್ ಒಂದೇ ತುಣುಕನ್ನು ಮೂರು ಸಲ ಬಾರಿಸಿ ಸಮಕ್ಕೆ ಹಾರಿದರು. ಅಜ್ಜ ಮೂರು ಸಲವೂ ಅಲೆ ಎಬ್ಬಿಸಿ ಕೊನೆಗೆ ಚಕ್ರ ಒತ್ತಿದ. ಸರ್ ತಬಲಾದಿಂದ ಕೈಯೆತ್ತಿ, ಅಂಗೈ ತೆರೆದು ಅಜ್ಜನ ಕಡೆ ತೋರಿಸಿ ತಲೆ ಬಾಗಿಸಿದರು. ಜೊತೆ ಕಲಾವಿದರಿಗೆ ಮಾತ್ರ ಸಲ್ಲುವ ಮರ್ಯಾದೆ ಅದು. ಅಜ್ಜ ಅತ್ತಿತ್ತ ನೋಡಿ, ತನಗೇ ಎಂದು ಖಾತ್ರಿಯಾದ ಮೇಲೆ, ಕೀಲಿಮಣೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

ಮುಂದಿನ ತಿಂಗಳು ಬೈಠಕ್ ಇಲ್ಲ ಎಂಬ ಮಾತು ಮತ್ತೆ ಏಳಲಿಲ್ಲ.

ಕತೆ ಇಲ್ಲಿಗೆ ಮುಗಿದರೆ ನನಗೆ ಅನುಕೂಲವಾಗುತ್ತಿತ್ತು. ಮೋಟನನ್ನು ತಿರಸ್ಕರಿಸಿದವಳು ನಾನು ಎಂಬುದನ್ನು ಜನ ಮರೆಯುವಂತೆ ನಾನು ಅದರ ಗುಣಗಾನ ಶುರುಮಾಡಿದ್ದೆ. ಸರಳತೆಯೇ ಅದರ ಶಕ್ತಿ, ಮನುಷ್ಯನಿಗೆ ಜಾಗ ಬಿಡುವುದೇ ನಿಜವಾದ ತಂತ್ರಜ್ಞಾನ ಎಂದು ಉಣಕಲ್ ಕೆರೆಯ ದಂಡೆಯವರೆಗೂ ಅಜ್ಜನ ಜೊತೆ ನಡೆಯುತ್ತ ಭಾಷಣ ಮಾಡಿದೆ. ಅಜ್ಜ ಯಂತ್ರ ಹಾಕಿಕೊಂಡೇ ಎಲ್ಲ ಕೇಳಿಸಿಕೊಂಡು, ಬೆಂಚಿನ ಮೇಲೆ ಕೂತು ಹೇಳಿದ:

“ಅದೆಲ್ಲಾ ಖರೇ. ಆದ್ರ ಅದರಾಗ ಮೀಂಡ ಇಲ್ಲ.”

“ಏನಿಲ್ಲ?”

“ಮೀಂಡ. ಒಂದು ಸ್ವರದಿಂದ ಇನ್ನೊಂದಕ್ಕ ಜಾರಿ ಹೋಗೋದು. ನಿಮ್ಮ ಕಾಕು ಅದನ್ನ ಛಲೋ ಮಾಡ್ತಾಳ, ಆಕಿ ಗಂಟಲಿನ ನರ ನೋಡಿದ್ರ ನನಗ ತಿಳೀತೈತಿ. ನಿನ್ನ ಸಾಫ್ಟ್‌ವೇರ್‌ನ್ಯಾಗ ಗೆರಿ ಇಲ್ಲಿಂದ ಅಲ್ಲಿಗೆ ಕಪ್ಪಿ ಜಿಗದಂಗ ಜಿಗೀತೈತಿ. ಬ್ಯಾರೇದು ನೋಡು.”

“ಅಜ್ಜಾ, ಅದು ಹವ್ಯಾಸಿಗಳಿಗೆ ಮಾಡಿದ್ದು. ಇರೋದ್ರಾಗ ಇದ ಛಲೋ. ನಾನ ಎಲ್ಲಾ ತೂಗಿ ನೋಡೇನಿ.”

“ನೀ ತೂಗಿದ್ದಕ್ಕ ಅಲ್ಲೇನು ಇದು ಮೊದಲನೇ ದಿನಾನ ಹೊರಗ ಬಿದ್ದಿದ್ದು? ವಿನ್ಯಾ ಎಲ್ಲಾ ಹೇಳ್ಯಾನ.”

ಆ ಸಂಜೆಯೇ ಸಾಫ್ಟ್‌ವೇರ್ ಮಾಡಿದವನಿಗೆ, ಯಾವುದೋ ದೂರದೇಶದಲ್ಲಿ ಒಬ್ಬನೇ ಕೂತು ಅದನ್ನು ಬರೆದ ಹವ್ಯಾಸಿಗೆ, ಸಂದೇಶ ಕಳಿಸಿದೆ: ನಮಗೆ ಮೀಂಡ ಬೇಕು. ಅವನು ಬಹಳ ಸಂತೋಷದಿಂದ ಉತ್ತರಿಸಿದ. ಹಾಕಿಕೊಡುತ್ತೇನೆ, ಆದರೆ ಅದೇನೆಂದು ನೀವು ನನಗೆ ಸರಿಯಾಗಿ ವಿವರಿಸಬೇಕು. ಎಲ್ಲಿ ಹೊರಡುತ್ತದೆ, ಎಷ್ಟು ಹೊತ್ತು ಜಾರುತ್ತದೆ, ಎಲ್ಲಿ ತಲುಪುತ್ತದೆ ಎಂದ. ಗೊತ್ತಿಲ್ಲದ ವಿಷಯದ ಮೇಲೆ ನಿರರ್ಗಳವಾಗಿ ಮಾತಾಡುವ ತರಬೇತಿ ಪಡೆದ ನಾನು ಬರೆಯಲು ಕೂತೆ. ಬರೆದದ್ದನ್ನು ಅಜ್ಜನಿಗೆ ತೋರಿಸಿದೆ. ಅವನು ಓದಿ, ಕನ್ನಡಕ ತೆಗೆದು, ಲ್ಯಾಪ್‌ಟಾಪ್ ಮುಚ್ಚಿದ.

“ಮೊದಲ ಕೂತು ಕೇಳೋದು ಕಲಿ. ತಾಳ ಬಂದ ಮ್ಯಾಲ ಮೀಂಡ.”

ಈಗ ದಿನಾ ಸಂಜೆ ನಾನು ಅಜ್ಜನ ಎದುರು ಕೂತು ತೊಡೆಯ ಮೇಲೆ ಏಕತಾಲ ಹಾಕುತ್ತಿದ್ದೇನೆ. ಅದರ ಒಂದು ಸುತ್ತಿನಲ್ಲಿ ಹನ್ನೆರಡು ಮಾತ್ರೆ, ಅಂದರೆ ಹನ್ನೆರಡು ಎಣಿಕೆ. ನಾನು ಹನ್ನೊಂದಕ್ಕೇ ಮುಗಿಸಿ, ಸಮ ಬಂತು ಎಂದು ಅಂಗೈ ಬೀಸಿ ಬಡಿಯುತ್ತೇನೆ. ನಿನ್ನೆ ಹಾಗೆ ಬಡಿದು, ಅಜ್ಜನಿಗೆ ಹೇಗೂ ಕೇಳಿಸಿರದು ಎಂದು ಗಂಭೀರವಾಗಿ ಮುಂದುವರಿದೆ. ಅವನು ನನ್ನ ಕೈಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದ.

“ಇನ್ನೂ ಒಂದು ಮಾತ್ರಿ ಬಾಕಿ ಐತ್ರಿ ವಕೀಲರ. ಅಷ್ಟರಾಗ ತೀರ್ಪು ಕೊಟ್ಟುಬಿಟ್ರಲ್ಲ.”